ಎಡಗಡೆಯ ಸಿಲಿಂಡರ್

"ಬೆನ್ನ್ ಮೇಲೆ ಅಷ್ಟ್ ದೊಡ್ಡ ಮಷಿನ್ ಇತ್ತಲ್ದಾ ಮಗಾ? ಈ ಎಡಗಡೆದ್ದ್ ಮತ್ತೆಂತಕ್ಕೆ?" ಎಂದು ಭೋಜ ಕೇಳಿದ.

ಕೊಡೇರಿಯಿಂದ ಹೊರಟ ಅವನ ದೋಣಿ ಕಡಲೊಳಗಿನ ಬಂಡೆಯೊಂದರ ನೆತ್ತಿಗೆ ಲಂಗರು ಹಾಕಿ ನಿಂತಿತ್ತು. ಬಂಡೆಯ ಸಂದಿನಲ್ಲಿರುವ ಮುರು ಮೀನುಗಳ ಫೋಟೋ ತೆಗೆಯುವುದು ಮಗಳು ನವ್ಯಶ್ರೀಯ ಕೆಲಸ. ಅವಳೇ ಮುಂದಾಳಾಗಿ ಇಳಿಯುತ್ತಿರುವುದು ಇದೇ ಮೊದಲು. ಈಗ ಅವಳು ಆ ಚಿಕ್ಕ ಸಿಲಿಂಡರಿಗೆ ಕೊಳವೆ ಜೋಡಿಸಿ, ವಾಲ್ವ್ ತಿರುಗಿಸಿ, ಎಲ್ಲಾದರೂ ಸೋರುತ್ತಿದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದಳು.

"ಬೆನ್ನಿಂದು ರಿಬ್ರೀದರ್ ಅಪ್ಪಯ್ಯ. ನಾನ್ ಬಿಟ್ಟ ಉಸ್ರನ್ನೇ ಶುದ್ಧ ಮಾಡಿ ವಾಪಸ್ ನಂಗೇ ಕೊಡತ್ತ್. ಗುಳ್ಳಿ ಏಳುದಿಲ್ಲ, ಮೀನ್ ಹೆದ್ರುದಿಲ್ಲ. ಅದೇನಾರೂ ಕೈಕೊಟ್ರೆ ಈ ಬೇಲ್‌ಔಟ್ ಸಿಲಿಂಡರಿಂದ ಉಸ್ರಾಡ್ಕಂಡ್ ಮೇಲ್ ಬಪ್ಪುದ್. ಇದ್ರಲ್ಲ್ ಮಾತ್ರ ಗುಳ್ಳಿ ಬತ್ತ್."

"ಕೈಕೊಡು ಮಷಿನ್ ಕಟ್ಕಂಡ್ ಕಡ್ಲಿಗ್ ಇಳಿತ್ಯಾ?"

"ಮಷಿನ್ ಸಮಾ ಇತ್ತ್. ಆದ್ರೂ ಇದ್ ಬೇಕ್." ಅವಳು ಸಿಲಿಂಡರನ್ನು ಎಡಪಕ್ಕೆಗೆ ಸಿಕ್ಕಿಸಿ, ಅದರ ಬಾಯಿತುಂಡನ್ನು ಕೊರಳ ರಬ್ಬರ್ ಸರಕ್ಕೆ ತೂರಿಸಿದಳು. ಕಣ್ಣು ಮುಚ್ಚಿ ತಡವಿ ಹಿಡಿದಳು. ಬಿಟ್ಟಳು, ಮತ್ತೆ ಹಿಡಿದಳು. ಅಂಥದೇ ಮಷಿನ್ ಹೊತ್ತು ಜೊತೆಗಿಳಿಯುವ ಉಲ್ಲಾಸ್ ಒತ್ತಡದ ಮುಳ್ಳು ನೋಡಿ ಸರಿಯಿದೆ ಎಂದ.

ಭೋಜನಿಗೆ ಇದೆಲ್ಲ ಹಿಡಿಸಲಿಲ್ಲ. ಪ್ರಾಯದಲ್ಲಿ ಅವನು ಉಸಿರು ಕಟ್ಟಿ ಮುಳುಗಿ ಬಂಡೆಗಂಟಿದ ಪಚ್ಚಿಲೆ ಚಿಪ್ಪು ಕಿತ್ತು ತರುತ್ತಿದ್ದವ. ಚೀಲ ತುಂಬುವ ಮೊದಲೇ ಯಾರಾದರೂ ತಲೆ ಮೇಲೆತ್ತಿದರೋ, ಮುಗಿಯಿತು ಕಥೆ! ದೋಣಿಯವರೆಲ್ಲ ಸೇರಿ ಕೂ ಹಾಕುತ್ತಿದ್ದರು. 'ಅರ್ಧಕ್ಕೆ ಎದ್ದವ' ಎಂಬ ಹೆಸರು ಮೀನು ಪೇಟೆಗೂ ಬರುತ್ತಿತ್ತು, ಹೆಣ್ಣು ನೋಡಲು ಹೋದ ಮನೆಗೂ ಬರುತ್ತಿತ್ತು. ಈಗ ದೋಣಿಯ ಹಿಂಬದಿಯಲ್ಲಿ ಎಲೆ ಮೆಲ್ಲುತ್ತ ಕೂತಿರುವ ಅವನ ಹಳೆಯ ಜೊತೆಗಾರ ಚೆನ್ನಯ್ಯ ಆ ಕೂಗಿಗೆ ಹೆದರಿಯೇ ಒಮ್ಮೆ ಆಳದಲ್ಲಿ ಹಟ ಹಿಡಿದು ನಿಂತು, ಬಲಗಿವಿ ಕಳೆದುಕೊಂಡಿದ್ದ. ಮಗಳ ಗತ್ತು ನೋಡಲಿ ಎಂದೇ ಭೋಜ ಅವನನ್ನು ಕರೆತಂದದ್ದು.

"ಬರ್ದ್ ಇಟ್ಕೊ ಚೆನ್ನಯ್ಯ. ನನ್ ಮಗಳ್ ಆ ಎಡಗಡೆದ್ದನ್ನ ಮುಟ್ಟುದೂ ಇಲ್ಲ. ಯಾರ್ ಮಗಳ್ ಅಂದ್ಕಂಡೆ?"

"ನೀವ್ ಹೀಂಗ್ ಹೇಳಿರೆ ಕೆಳಗ್ ಹೋದ್ರೂ ನಂಗ್ ನಿಮ್ ಮುಖವೇ ಕಾಂತ್, ಅಪ್ಪಯ್ಯ," ಎಂದು ನವ್ಯಶ್ರೀ ನಕ್ಕು, ಹಿಮ್ಮುಖವಾಗಿ ನೀರಿಗೆ ಬಿದ್ದಳು. ಹಿಂದೆಯೇ ಉಲ್ಲಾಸ್. ಅಲೆ ಕೂಡಿಕೊಂಡಿತು. ಒಂದು ಗುಳ್ಳೆಯೂ ಇಲ್ಲ. ಭೋಜ ಮೀಸೆ ತಿರುವಿದ.

ಸ್ವಲ್ಪ ಹೊತ್ತು ಕಳೆದಿತ್ತು. ಚೆನ್ನಯ್ಯ ಬಾಯೊಳಗಿನ ಎಲೆ ಉಗುಳಲು ಬಗ್ಗಿದವನು ಹಾಗೇ ನಿಂತುಬಿಟ್ಟ. "ಹ್ವಾಯ್ ಭೋಜಾ, ಗುಳ್ಳಿ ಕಾಣ್!"

ಒಂದಲ್ಲ, ಬುಳುಬುಳು ಎದ್ದು ಬರುತ್ತಿದ್ದವು. ಸುಳ್ಳು ಯಾಕೆ, ಭೋಜನಿಗೆ ಮೊದಲು ಆದದ್ದು ನಾಚಿಕೆಯೇ. ಆಮೇಲೆ ಹೊಳೆಯಿತು, ಬೆನ್ನಿನ ಮಷಿನ್ ಕೈಕೊಟ್ಟಿದೆ. ಗುಳ್ಳೆಗಳು ಲಂಗರಿನ ಹಗ್ಗದ ಬಳಿಗೆ ಬಂದು ಅಲ್ಲೇ ಏಳುತ್ತಿದ್ದವು, ಮಗಳ ತಲೆ ಮಾತ್ರ ಮೇಲೆ ಬರಲೊಲ್ಲದು. ಅವನು ಅಂಗಿ ಬಿಚ್ಚಿ ಹಾರಲು ಕಾಲೆತ್ತಿದ್ದೇ ಚೆನ್ನಯ್ಯ ಸೊಂಟ ಹಿಡಿದು ಎಳೆದ. "ಕೂಕೊ ಮಾರಾಯ! ಆಳದಿಂದ ದಡಕ್ಕನೆ ಮೇಲ್ ಬಂದ್ರೆ ಮೈಗೆ ಕೇಡ್, ನಿಂತ್ ನಿಂತ್ ಬರ್ಕ್ ಅಂದೇಳಿ ಉಲ್ಲಾಸ್ ಆಗ್ಳೇ ಹೇಳಿದ್ನಲ್ಲ. ಗುಳ್ಳಿ ಬತ್ತಿತ್ತಲ್ದಾ? ಅಲ್ಲಿವರಿಗೆ ಹೆಣ್ ಉಸ್ರಾಡ್ತಿತ್ತ್."

ಭೋಜ ದೋಣಿಯ ಅಂಚು ಕಚ್ಚಿ ಹಿಡಿದು ಕೂತ. ಗುಳ್ಳೆ ಬಂದಾಗ ಅವನೂ ಉಸಿರು ಬಿಟ್ಟ. ನಡುವೆ ಚೂರು ತಡವಾದರೆ ಅವನದೂ ಕಟ್ಟಿತು. ಜೀವಮಾನವಿಡೀ ಕಡಲು ಕಂಡವನಿಗೆ ಅದರಲ್ಲಿ ಆ ಗುಳ್ಳೆಗಳಷ್ಟು ಚೆಂದದ್ದು ಬೇರೆ ಏನೂ ಕಂಡಿರಲಿಲ್ಲ.

ಕೊನೆಗೂ ಎರಡು ತಲೆ ಎದ್ದವು. ಎಳೆದು ಹತ್ತಿಸಿಕೊಂಡಾಗ ನವ್ಯಶ್ರೀಯ ಮುಖ ಬಿಳಿಚಿತ್ತು. "ಉಸ್ರ್ ಜೋರಾಯ್ತ್, ತಲಿ ಸಿಡೂಕ್ ಶುರುವಾಯ್ತ್. ಮಷಿನ್ ಉಸ್ರನ್ನ ಶುದ್ಧ ಮಾಡ್ತಿಲ್ಲ ಅಂದೇಳಿ ಗೊತ್ತಾಯ್ತ್. ಫೋಟೋ ಒಂದೂ ಆಯ್ಲಿಲ್ಲ," ಎಂದಳು. ಆಮೇಲೆ ತಂದೆಯ ಕಡೆ ತಿರುಗಿದಳು. "ಇನ್ನೊಂದ್ ಚೂರ್ ನಿಲ್ಲುವಾ ಅಂದೇಳಿ ಮನ್ಸಾಯ್ತ್ ಅಪ್ಪಯ್ಯ. ನಿಮ್ ಮುಖ ಕಂಡಿತ್. ಆದ್ರೂ ಎಡಗಡೆದ್ದನ್ನೇ ಬಾಯಿಗ್ ಹಾಕ್ದೆ."

ಹಳೆಯ ರೂಢಿ, ಚೆನ್ನಯ್ಯನ ಕೈ ತಾನಾಗಿಯೇ ಕೂ ಹಾಕಲು ಬಾಯಿಯ ಹತ್ತಿರ ಹೋಯಿತು. "ನಿನ್ ಒಂದ್ ಕೆಮಿ ಹೋದ್ದ್ ಸಾಕಾಯ್ಲಿಲ್ಯಾ?" ಎಂದು ಭೋಜ ಗದರಿಸಿದ್ದೇ ಆ ಕೈ ಸೀದಾ ಕೆಳಗಿಳಿಯಿತು. ಭೋಜ ತನ್ನ ಅಂಗಿಯಿಂದ ಮಗಳ ತಲೆ ಒರೆಸಿದ.

ಅಷ್ಟರಲ್ಲಿ ಬಂದರಿನ ಕಡೆ ಹೊರಟಿದ್ದ ಊರಿನ ಚಂದಯ್ಯನ ಬೋಟು ಹತ್ತಿರ ಹಾಯಿತು. ಅದರ ತುಂಬ ಜನ. "ಎಂತ ಭೋಜಣ್ಣ, ಇಷ್ಟ್ ಬೇಗ ಮುಗೀತಾ?" ಎಂದು ಚಂದಯ್ಯ ಕೂಗಿದ. ನವ್ಯಶ್ರೀ ತಲೆ ತಗ್ಗಿಸಿದಳು.

ಭೋಜ ದೋಣಿಯ ಮೂತಿಗೆ ಹತ್ತಿ ನಿಂತ. ಎರಡೂ ಕೈ ಬಾಯಿಗೆ ಕಟ್ಟಿ, ಎದೆ ತುಂಬ ಗಾಳಿ ಎಳೆದುಕೊಂಡು, ಉಪ್ಪುಂದದ ದಡಕ್ಕೂ ಕೇಳಲಿ ಎಂಬಂತೆ ಕೂಗಿದ:

"ಹ್ವಾಯ್! ನನ್ ಮಗಳ್ ಅರ್ಧಕ್ಕೇ ಎದ್ದ್ ಬಂದ್ಳ್ ಕಾಣಿ! ಎಲ್ಲರ್ ಹತ್ರೂ ಹೇಳಿ!"