ಲೆಕ್ಕದೊಳಗೆ ಪಾಂಡು

"ನಾಳೆಯಿಂದ ಪಾಂಡು ದೋಣಿಗೆ ಬಪ್ಪುದ್ ಬ್ಯಾಡ," ಎಂದ ಲೀಲಾಧರ, ಮಧ್ಯಾಹ್ನದ ಊಟದ ತಟ್ಟೆ ಸರಿಸುತ್ತ. "ಅವ ಕಾಲಿಟ್ಟ ಮೇಲೆ ಬಲೆಗೆ ಮೀನೇ ಬೀಳೂದಿಲ್ಲ."

ಪಾಂಡು ಅವನ ಹೆಂಡತಿಯ ತಮ್ಮ. ಭಾವನ ಈ ದೋಣಿಯಿಂದ ಇಳಿಸಿದರೆ ಗಂಗೊಳ್ಳಿಯಲ್ಲಿ ಅವನನ್ನು ಕೆಲಸಕ್ಕೆ ಕರೆಯುವವರು ಯಾರೂ ಇರಲಿಲ್ಲ. ಕಾಲ್ಗುಣ ಸರಿಯಿಲ್ಲದವ ಎಂಬ ಹೆಸರು ಅಂಟಿದರೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಹೆಂಡತಿ ಗಿರಿಜಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮೀನುಗಾರಿಕೆ ಓದುತ್ತಿದ್ದ ಮಗಳು ಚಂದನಾ ಮಾತ್ರ ಲ್ಯಾಪ್‌ಟಾಪ್ ತಂದು ಎದುರಿಗೆ ಕೂತಳು. ಇದೇ ದೋಣಿಯ ಎರಡು ವರ್ಷದ ಮೀನಿನ ವಿವರ, ಪಾಂಡು ಬಂದ ದಿನ ಬಾರದ ದಿನಗಳ ಸಮೇತ, ಅವಳ ಪ್ರಾಜೆಕ್ಟಿನಲ್ಲಿತ್ತು.

"ನಿಮ್ ಮಾತನ್ನೇ ಲೆಕ್ಕಕ್ಕೆ ಹಾಕುವ, ಅಪ್ಪ," ಎಂದು, ಮೀನಿನ ಏರಿಳಿತಕ್ಕೆ ಏನೇನು ಕಾರಣವಿರಬಹುದು ಎಂಬುದನ್ನು ಒಂದು ಸಾಲಿನಲ್ಲಿ ಬರೆದಳು: ಮೀನು ~ ತಿಂಗಳು + ಗಾಳಿ + ಪಾಂಡು.

"ಪಾಂಡುನ್ ಎಂತಕೆ ಕೂಡ್ಸುದ್? ಕಳಿ."

"ಕೂಡ್ಸ್ರೆ ಅವ ಒಳ್ಳೆವ ಅಂದಲ್ಲ. ಮೀನ್ ಹೆಚ್ಚುಕಮ್ಮಿ ಆಪುಕೆ ಅವನೂ ಕಾರಣವಾ, ಕಾಂಬ ಅಂದ್. ಕಳದ್ರೆ ಲೆಕ್ಕದಲ್ಲಿ ಅವನ ಸುದ್ದಿಯೇ ಇಲ್ಲ." ಚಂದನಾ ಮುಂದಿನ ಸಾಲಿಗೆ ಬಂದಳು. "ಇದ್ ಬೇಸಿಯನ್ ಲೆಕ್ಕ. ಮೀನಿನ ವಿವರ ಕಾಂಬುಕ್ ಮೊದಲೇ ನೀವ್ ಎಂತ ನಂಬಿದ್ರಿ, ಎಷ್ಟ್ ಗಟ್ಟಿ ನಂಬಿದ್ರಿ, ಅದನ್ನೂ ಬರೀಕ್."

"ಅವ ಬಂದ್ರೆ ದಿನಕ್ಕೆ ಎರಡ್ ಬುಟ್ಟಿ ಕಮ್ಮಿ. ಚೂರೂ ಅಲುಗೂಕಾಗ, ಅಷ್ಟ್ ಗಟ್ಟಿ."

ಹಾಗೆಯೇ ಬರೆದು, ಎರಡು ವರ್ಷದ ವಿವರ ಸೇರಿಸಿ ಲೆಕ್ಕ ಮಾಡಿಸಿದಳು. ಉತ್ತರ ಬಂತು: ಪಾಂಡು ಬಂದರೆ ಎರಡು ಬುಟ್ಟಿ ಕಡಿಮೆ.

ಲೀಲಾಧರನ ಮುಖ ಅರಳಿತು. "ಕಾಣ್, ಕಂಪ್ಯೂಟರೂ ಅದನ್ನೇ ಹೇಳ್ತ್."

"ಅದ್ ಹೇಳದ್ದಲ್ಲ ಅಪ್ಪ, ನೀವ್ ಹೇಳದ್ದನ್ನೇ ತಿರುಗಿ ಕೊಟ್ಟದ್ದ್. ನಂಬಿಕೆನ ಇಷ್ಟ್ ಬಿಗಿ ಕಟ್ಟಿಟ್ರೆ, ಇಡೀ ಕಡಲಿನ ಮೀನ್ ತಂದ್ ಸುರಿದ್ರೂ ಉತ್ತರ ಅಲುಗೂದಿಲ್ಲ."

ಲೀಲಾಧರನಿಗೆ ಸಿಟ್ಟು ಬಂತು, ಹಿಂದೆಯೇ ಸ್ವಲ್ಪ ನಾಚಿಕೆಯೂ ಆಯಿತು. ಎದ್ದು ಜಗಲಿಗೆ ಬಂದ. ಎದುರಿನ ಹೊಳೆಯಲ್ಲಿ ಇಳಿತ ಶುರುವಾಗಿತ್ತು. ನಾಳೆಯ ಸುದ್ದಿ ಇನ್ನೂ ತಿಳಿಯದ ಪಾಂಡು ದಡದಲ್ಲಿ ಬಗ್ಗಿ, ನೀರು ಇಳಿದಾಗ ದೋಣಿ ನೇತಾಡದಿರಲಿ ಎಂದು ಅದರ ಹಗ್ಗ ಸಡಿಲಿಸುತ್ತಿದ್ದ. ಅವನು ಗಂಟು ಹಾಕಿ ಮೇಲೇಳುವವರೆಗೂ ಲೀಲಾಧರ ನೋಡುತ್ತ ನಿಂತ.

ಒಳಗೆ ಬಂದವನು ಮಗಳ ಪಕ್ಕದಲ್ಲಿ ಕೂತ. "ನನ್ನ್ ನಂಬಿಕೆನ ಸ್ವಲ್ಪ ಸಡ್ಲ ಮಾಡಿ ಬರಿ, ಕಾಂಬ."

"ಎಷ್ಟ್ ಸಡ್ಲ?"

ಅವನು ಎರಡೂ ಕೈಯಲ್ಲಿ ಇಲ್ಲದ ಹಗ್ಗವೊಂದನ್ನು ಹಿಡಿದು, ಇಳಿತಕ್ಕೆ ಬೇಕಾಗುವಷ್ಟನ್ನು ಮೆಲ್ಲಗೆ ಬಿಟ್ಟು ತೋರಿಸಿದ.