ಹಗ್ಗ ಮುಟ್ಟಿದವರ ಪಾಲು

ಮಳೆಗಾಲ ಮುಗಿಯಿತೆಂದರೆ, ಮಹಾಯುದ್ಧದಲ್ಲಿ ಕಡಲಿಗೆ ಬಿದ್ದ ಫೈಟರ್ ವಿಮಾನಗಳು ಅಂಕೋಲೆಯ ಎದುರು ನೀರಿನಿಂದ ಮೇಲೇಳುತ್ತವೆ. ಹಡಗಿನ ಮೇಲೆ ಇಳಿದೇ ರೂಢಿಯಾದ ಅವಕ್ಕೆ ಬಾಲದ ಕೊಕ್ಕೆ ಸಿಕ್ಕಿಸಲು ಹಗ್ಗ ಬೇಕು. ಸಿಗದಿದ್ದರೆ ಸುತ್ತಿ ಸುತ್ತಿ ಮತ್ತೆ ಮುಳುಗುತ್ತವೆ.

ಊರೆಲ್ಲ ಸೇರಿ ದಂಡೆಗೆಳೆಯುವ ರಂಪಣಿ ಬಲೆಯ ಒಡತಿ ಮಾದೇವಕ್ಕ, ಅದರ ಹಗ್ಗವನ್ನು ದಂಡೆಗೆ ಅಡ್ಡ ಎಳೆಸಿದ್ದಳು. ಎರಡೂ ತುದಿಯಲ್ಲಿ ಊರೇ ನಿಂತಿತ್ತು.

"ಬಂತು! ಗಟ್ಟಿ ಹಿಡೀರೋ!"

ಹಗ್ಗ ಅಂಗೈ ಸುಟ್ಟಿತು. ವಿಮಾನ ಮರಳೆರಚಿ ನಿಂತಿತು. ರೆಕ್ಕೆ ಮಡಚಿದ್ದೇ ತಡ, ಒಳಗಿಂದ ಬಂಗುಡೆ ಮೀನು ರಾಶಿರಾಶಿ ಸುರಿಯಿತು. ಹಗ್ಗ ಮುಟ್ಟಿದವರಿಗೆಲ್ಲ ಅದರಲ್ಲಿ ಪಾಲು, ಅದು ರಂಪಣಿಯ ಕಟ್ಟಳೆ.

ಒದ್ದೆ ಮುದ್ದೆಯಾಗಿ ಇಳಿದ ಎಳೆಯ ಪೈಲಟ್, ಮಾದೇವಕ್ಕ ಚಾಚಿದ ಗಂಜಿಯನ್ನು ನೋಡಲೂ ಇಲ್ಲ. ಮೇಲೆ ಅವನ ಜೊತೆಯವನ ವಿಮಾನ ಕೆಮ್ಮುತ್ತ ಸುತ್ತುತ್ತಿತ್ತು. ಹುಡುಗ ಓಡಿಬಂದು ಹಗ್ಗಕ್ಕೆ ಕೈಹಾಕಿದ.

"ಅಕ್ಕಾ, ಇಂವಂಗೂ ಪಾಲು ಕೊಡೂದಾ?" ಲುಂಗಿ ಎತ್ತಿ ಕಟ್ಟಿದ್ದ ಟಾಮು ಗೊಣಗಿದ. "ಇಂವ ಬಲೆಗೆ ಬಿದ್ದಂವ."

"ಹೋದ ವರ್ಷ ನೀ ವಿಮಾನದ ಸಮೇತ ಬಿದ್ದದ್ದೂ ಇದೇ ಹಗ್ಗಕ್ಕೇ ಅಲ್ವೇನೋ?" ಎಂದಳು ಮಾದೇವಕ್ಕ.

ಟಾಮು ಸರಿದು ಜಾಗ ಬಿಟ್ಟ.

"ಕಾಲು ಮರಳೊಳಗೆ ಹೂತು ನಿಲ್ಲು," ಎಂದು ಹುಡುಗನಿಗೆ ಇಂಗ್ಲಿಷಿನಲ್ಲಿ ಹೇಳಿಕೊಟ್ಟ.