ನಕ್ಕರಷ್ಟೇ ಫೋಟೋ ತೆಗೆಯುತ್ತಿದ್ದ ಕ್ಯಾಮೆರಾ

ಎರಡು ನಿಮಿಷ ಬಿಡುವಿದ್ದರೆ ಸಮಾಧಾನವಾಗಿ ಓದಿ... ಆಮೇಲೆ ನಿಮ್ಮ ಮನೆಯ ಆಲ್ಬಂ ತೆಗೆದು ನೋಡಿ...

ಗದಗಿನ ಒಂದು ಪ್ರೌಢಶಾಲೆಯಲ್ಲಿ ಭುವನಾ ಕಂಪ್ಯೂಟರ್ ಟೀಚರ್. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ...

ಶಾಲೆಯ ಸುವರ್ಣ ಮಹೋತ್ಸವಕ್ಕೆ ತಾನೇ ಒಂದು ಫೋಟೋ ಬೂತ್ ಮಾಡುತ್ತೇನೆಂದು ಹೆಡ್‌ಮಾಸ್ತರರಿಗೆ ಮಾತು ಕೊಟ್ಟುಬಿಟ್ಟಿದ್ದಳು.

ಹಳೇ ಕಪಾಟಿನ ಪ್ಲೈವುಡ್, ಕರಿ ಪರದೆ, ಅಣ್ಣನ ಕ್ಯಾಮೆರಾ, ತನ್ನ ಲ್ಯಾಪ್‌ಟಾಪ್, ಒಂದು ಚಿಕ್ಕ ಪ್ರಿಂಟರ್...

ಸಾಫ್ಟ್‌ವೇರ್ ಅವಳೇ ಬರೆದದ್ದು. ಒಳಗೆ ಕೂತವರು ನಕ್ಕರೆ ಸಾಕು, ಕ್ಯಾಮೆರಾ ತಾನಾಗಿಯೇ ಕ್ಲಿಕ್ ಆಗುತ್ತಿತ್ತು. ನಗದಿದ್ದರೆ ಸ್ಕ್ರೀನ್ ಮೇಲೆ "ಸ್ವಲ್ಪ ನಗಿ!" ಎಂದು ಬರುತ್ತಿತ್ತು.

ಹಿಂದಿನ ದಿನ ಏನೋ ಸಣ್ಣದೊಂದು ಬದಲಾಯಿಸಲು ಹೋಗಿ ಇಡೀ ಪ್ರೋಗ್ರಾಂ ಕೆಟ್ಟು ಕೂತಿತ್ತು. ಸರಿಮಾಡುವಷ್ಟರಲ್ಲಿ ಅರ್ಧ ದಿನ ಹೋಯಿತು.

"ಇನ್ನ ಅದನ್ನ ಮುಟ್ಟಬ್ಯಾಡ್ರಿ ಟೀಚರ್. ನಾಳೆ ಸಾಲಿ ಮರ್ಯಾದಿ ಪ್ರಶ್ನೆ ಐತಿ" ಎಂದಿದ್ದರು ಹೆಡ್‌ಮಾಸ್ತರ್.

ಕಾರ್ಯಕ್ರಮದ ದಿನ ಬೆಳಗ್ಗೆಯಿಂದ ಅವಳಿಗೆ ಅದೇ ಚಿಂತೆ. ವೈರ್ ಸಡಿಲಾದರೆ? ಲ್ಯಾಪ್‌ಟಾಪ್ ಬಿಸಿಯಾಗಿ ನಿಂತರೆ?

ಒಂದು ಗಂಟೆ ಎಲ್ಲ ಸರಿಯಾಗಿ ನಡೆಯಿತು... ಆಮೇಲೆ ಇದ್ದಕ್ಕಿದ್ದಂತೆ ಕ್ಲಿಕ್ ಸದ್ದು ನಿಂತಿತು.

"ಸ್ವಲ್ಪ ನಗಿ!" "ಸ್ವಲ್ಪ ನಗಿ!" ಅದೇ ಮತ್ತೆ ಮತ್ತೆ...

ಭುವನಾ ಲ್ಯಾಪ್‌ಟಾಪ್ ಕಡೆ ಓಡಿದಳು. ಕೇಬಲ್ ಒತ್ತಿ ನೋಡಿದಳು. ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದಳು. ಇಲ್ಲ...

"ಏನ್ರೀ ಅದು, ಇನ್ನೂ ಎಷ್ಟೊತ್ತು?" ಹೊರಗೆ ಕಾಯುತ್ತಿದ್ದವರ ಸಾಲಿನಿಂದ ಯಾರೋ ಕೂಗಿದರು.

ಬೂತಿನ ಪರದೆ ಸರಿಸಿದಳು. ಒಳಗೆ ದ್ಯಾಮವ್ವ ಒಬ್ಬಳೇ ಕೂತಿದ್ದಳು. ಮೂವತ್ತೊಂದು ವರ್ಷ ಈ ಶಾಲೆಯ ಗಂಟೆ ಹೊಡೆದು ನಿವೃತ್ತಳಾದ ಮುದುಕಿ.

ಅವಳು ತನ್ನ ತುಟಿಯ ಎಡ ತುದಿಯನ್ನು ಬೆರಳಿನಿಂದ ಮೇಲಕ್ಕೆತ್ತಿ ಹಿಡಿದಿದ್ದಳು...

"ಹಿಂಗ ಹಿಡದ್ರ ನಡೀತೈತೇನ್ರಿ ಅಕ್ಕೋರ?"

ಭುವನಾ ಅವಳ ಮುಂದೆ ಬಗ್ಗಿ ಕೂತಳು.

"ಎರಡು ವರ್ಸದ ಹಿಂದ ಲಕ್ವಾ ಹೊಡೀತ್ರಿ. ಈ ಕಡೆ ಮಾರಿ, ತುಟಿ ಏಳಂಗಿಲ್ಲ. ನಿಮ್ಮ ಮಿಷನ್ ತಪ್ಪಲ್ಲ ಬಿಡ್ರಿ... ಮಂದಿ ಕಾಯಾಕತ್ತಾರ, ನಾ ಹೊಕ್ಕೀನಿ."

"ಹೋಗಬ್ಯಾಡ್ರಿ ಅಮ್ಮಾ. ಹತ್ತು ನಿಮಿಷ ಕೂಡ್ರಿ" ಎಂದು ಭುವನಾ ಅವಳ ಕೈ ಹಿಡಿದಳು.

ಲ್ಯಾಪ್‌ಟಾಪ್ ಮುಂದೆ ಕೂತಾಗ ಹೆಡ್‌ಮಾಸ್ತರ್ ಓಡಿ ಬಂದರು. "ಏನ್ ಮಾಡಾಕತ್ತೀರಿ? ಹೊರಗ ನಲವತ್ತು ಮಂದಿ ನಿಂತಾರ!"

"ಒಬ್ಬರ ಫೋಟೋ ಬರಾಕತ್ತಿಲ್ಲ ಸರ್."

"ಒಬ್ಬರದು ಬಿಡ್ರಿ, ಉಳದವರದು ನೋಡ್ರಿ!"

ಭುವನಾ ಪ್ರೋಗ್ರಾಂ ತೆರೆದಳು. ನಗುವನ್ನು ಹುಡುಕುವ ಸಾಲುಗಳನ್ನು ಅಳಿಸಿದಳು. ಮೌಸ್ ಒತ್ತಿದರೆ ಫೋಟೋ ಬರುವಂತೆ ಬರೆದಳು. ರನ್ ಮಾಡಿದಳು...

ಸ್ಕ್ರೀನ್ ಕಪ್ಪಾಯಿತು.

ಸಾಲಿನಿಂದ ಇಬ್ಬರು ಹೊರಟೇ ಹೋದರು. ಹೆಡ್‌ಮಾಸ್ತರ್ ತಲೆ ಹಿಡಿದುಕೊಂಡರು. ಬೆರಳಿಟ್ಟು ಭುವನಾ ಒಂದೊಂದೇ ಸಾಲು ಓದಿದಳು... ಒಂದು ಬ್ರ್ಯಾಕೆಟ್ ಬಿಟ್ಟುಹೋಗಿತ್ತು. ಹಾಕಿದಳು. ಸ್ಕ್ರೀನ್ ಬೆಳಗಿತು.

ವೈರ್ ಇಲ್ಲದ ಮೌಸ್ ಅನ್ನು ದ್ಯಾಮವ್ವನ ಕೈಗಿಟ್ಟಳು. "ನಗೂದೇನೂ ಬ್ಯಾಡ್ರಿ. ನಿಮಗ ಯಾವಾಗ ಅನಸ್ತದ, ಆವಾಗ ಒತ್ರಿ."

ದ್ಯಾಮವ್ವ ಸೆರಗು ಸರಿಮಾಡಿಕೊಂಡಳು. ಬೆನ್ನು ನೆಟ್ಟಗೆ ಮಾಡಿದಳು. ಒತ್ತಿದಳು.

ಪ್ರಿಂಟರ್‌ನಿಂದ ಬಂದ ಫೋಟೋವನ್ನು ಬಹಳ ಹೊತ್ತು ನೋಡಿದಳು... ಕಣ್ಣು ತುಂಬಿ ಬಂತು.

"ಲಕ್ವಾ ಹೊಡದಾಗಿಂದ ಒಂದೂ ಫೋಟೋ ತಗಸಿಲ್ರಿ. ಮೊಮ್ಮಗಳ ಮದುವ್ಯಾಗ ಕಂಬದ ಹಿಂದ ನಿಂತಿದ್ನಿ... ಯಾರೂ ಕರೀಲಿಲ್ಲ. ಇದರಾಗ ನಾ ನನ್ನಂಗ ಅದೀನಿ ನೋಡ್ರಿ."

ಭುವನಾ ಅವಳನ್ನು ಅಪ್ಪಿಕೊಂಡು ಅತ್ತುಬಿಟ್ಟಳು. ಹೆಡ್‌ಮಾಸ್ತರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಮುಖ ಆಚೆ ತಿರುಗಿಸಿದರು.

ಆಮೇಲೆ ಬಂದವರಲ್ಲಿ ಕೆಲವರು ನಕ್ಕರು, ಕೆಲವರು ನಗಲಿಲ್ಲ... ಆ ವರ್ಷವಷ್ಟೇ ಗಂಡನನ್ನು ಕಳೆದುಕೊಂಡಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಸುಮ್ಮನೆ ಕೂತು, ಸುಮ್ಮನೆ ಒತ್ತಿ, "ಥ್ಯಾಂಕ್ಸ್ ಅಕ್ಕೋರ" ಎಂದು ಹೋದಳು.

ಯಾರನ್ನಾದರೂ ಹತ್ತಿರ ಕರೆಯಲು ಅವರು ನಗಲಿ ಎಂದು ಕಾಯಬೇಡಿ.

ನಿಮ್ಮ ಮನೆಯ ಫೋಟೋಗಳಲ್ಲಿ ಯಾರು ಕಾಣುತ್ತಿಲ್ಲ... ಯಾಕೆಂದು ಅವರನ್ನು ಒಮ್ಮೆಯಾದರೂ ಕೇಳಿದ್ದೀರಾ?